ಆರಿಸುವುದೋ ಮಲಗಿಸುವುದೋ

ರಾತ್ರಿ ಊಟ ಮುಗಿದು ಪಾತ್ರೆ ತೊಳೆದಿಟ್ಟ ಮೇಲೆ ನಮ್ಮ ಮನೆಯಲ್ಲಿ ಒಂದು ವಿಚಾರಣೆ ನಡೆಯುತ್ತದೆ. ನಡೆಸುವವಳು ನನ್ನ ಹೆಂಡತಿ, ಕಟಕಟೆಯಲ್ಲಿ ನಿಲ್ಲುವವನು ನಾನು. ಗ್ಯಾಸಿನ ರೆಗ್ಯುಲೇಟರ್ ತಿರುಗಿಸಿದ್ದೀರಾ, ಸಂಪಿನ ಮೋಟರ್ ನಿಲ್ಲಿಸಿದ್ದೀರಾ, ಹಿತ್ತಿಲ ಬಾಗಿಲಿಗೆ ಅಗುಳಿ ಹಾಕಿದ್ದೀರಾ ಎಂಬ ಪ್ರಶ್ನೆಗಳನ್ನೆಲ್ಲ ಒಂದು 'ಹೂಂ'ನಲ್ಲಿ ದಾಟಿಕೊಂಡು ಬರಬಹುದು. ಕೊನೆಯದಕ್ಕೆ ಹಾಗಾಗುವುದಿಲ್ಲ.

"ಕಂಪ್ಯೂಟರು?"

"ಮಲಗಿದೆ."

"ಮಲಗೋಕೆ ಅದೇನು ಕೂಸಾ? ಆಫ್ ಮಾಡಿದ್ದೀರೋ ಇಲ್ವೋ, ಅಷ್ಟು ಹೇಳಿ."

ಅಷ್ಟನ್ನು ಮಾತ್ರ ಹೇಳಬಹುದಾಗಿದ್ದ ಕಾಲವೂ ಒಂದಿತ್ತು. ವಿಂಡೋಸ್ 95ರಲ್ಲಿ ಶಟ್‌ಡೌನ್ ಕೊಟ್ಟರೆ ಕಪ್ಪು ಪರದೆಯ ಮೇಲೆ ಕಿತ್ತಳೆ ಬಣ್ಣದ ಅಕ್ಷರಗಳು ಮೂಡಿ, ಇನ್ನು ಸ್ವಿಚ್ ಆರಿಸಲು ಅಡ್ಡಿಯಿಲ್ಲ ಎಂದು ಅಪ್ಪಣೆ ಕೊಡುತ್ತಿದ್ದವು. ನಾವೇ ಬಗ್ಗಿ ಡಬ್ಬಿಯ ಗುಂಡಿ ಒತ್ತಬೇಕು, ಒಳಗಿನ ಫ್ಯಾನು ಉಸ್ಸಪ್ಪ ಎಂದು ನಿಲ್ಲಬೇಕು, ಅಲ್ಲಿಗೆ ಮುಗಿಯಿತು. ಆಮೇಲೆ 1996ರ ಕೊನೆಯಲ್ಲಿ ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಕಂಪನಿಗಳು ಕೂಡಿ ಎಸಿಪಿಐ ಎಂಬ ನಿಯಮಾವಳಿ ಮಾಡಿದವು. ಕಂಪ್ಯೂಟರಿನ ನಿದ್ದೆಗೆ ಅದರಲ್ಲಿ ಮೆಟ್ಟಿಲುಗಳಿವೆ. ಎಸ್3 ಎಂದರೆ ಸ್ಲೀಪ್: ಮಾಡುತ್ತಿದ್ದ ಕೆಲಸವೆಲ್ಲ ರ್‍ಯಾಮ್‌ನಲ್ಲಿ ಇದ್ದ ಹಾಗೇ ಇರುತ್ತದೆ, ರ್‍ಯಾಮ್‌ಗೆ ಮಾತ್ರ ಒಂದಿಷ್ಟು ಕರೆಂಟು ಹರಿಯುತ್ತಿರುತ್ತದೆ, ಉಳಿದದ್ದೆಲ್ಲ ಸ್ತಬ್ಧ. ಎಸ್4 ಹೈಬರ್ನೇಟ್: ರ್‍ಯಾಮ್‌ನಲ್ಲಿದ್ದದ್ದನ್ನೆಲ್ಲ ಡಿಸ್ಕಿನ ಮೇಲೆ ಬರೆದಿಟ್ಟು ಯಂತ್ರ ತಾನೇ ಆರಿಹೋಗುತ್ತದೆ, ಬೆಳಿಗ್ಗೆ ಅದನ್ನು ಓದಿಕೊಂಡು, ಬಿಟ್ಟಲ್ಲಿಂದ ಶುರುಮಾಡುತ್ತದೆ. ಎಸ್5 ನಾವು ಬಲ್ಲ ಶಟ್‌ಡೌನ್. ಆಗಲೂ ಗೋಡೆಯ ಸ್ವಿಚ್ಚು ಹಾಕಿಯೇ ಇದ್ದರೆ ಅರ್ಧವೋ ಒಂದೋ ವಾಟ್ ಒಳಗೆ ಜಿನುಗುತ್ತಲೇ ಇರುತ್ತದೆ. ಪ್ಲಗ್ಗನ್ನೇ ಕಿತ್ತುಹಾಕಿದ ಸ್ಥಿತಿಗೆ ಜಿ3, ಮೆಕ್ಯಾನಿಕಲ್ ಆಫ್, ಎಂಬ ಬೇರೆಯೇ ಹೆಸರಿದೆ. ನನ್ನ ಹೆಂಡತಿ ಕೇಳುತ್ತಿರುವುದು ಇದನ್ನು. ಅವಳ ಬೇಡಿಕೆಗೆ ಅಂತಾರಾಷ್ಟ್ರೀಯ ಮಾನ್ಯತೆ ಇದೆಯೆಂಬ ಸಂಗತಿಯನ್ನು ನಾನಾಗಿ ಅವಳಿಗೆ ತಿಳಿಸಲು ಹೋಗಿಲ್ಲ.

ಮನೆಯಲ್ಲಿ ನಿದ್ದೆಯ ಪರ ವಕಾಲತ್ತು ವಹಿಸುವವರು ಒಬ್ಬರೇ, ನಮ್ಮ ದೊಡ್ಡಪ್ಪ. ತೊಂಬತ್ತರ ಹತ್ತಿರ ಬಂದಿದ್ದಾರೆ. ಅರಸೀಕೆರೆಯ ಲೋಕೋ ಶೆಡ್ಡಿನಲ್ಲಿ ಫೈರ್‌ಮನ್ ಆಗಿ ಸೇರಿದವರು. ಮೀಟರ್‌ಗೇಜಿನ ಉಗಿಬಂಡಿಗಳ ಕಾಲ ಅದು. ಬೆಂಗಳೂರು, ಹುಬ್ಬಳ್ಳಿ, ಹಾಸನ ಮೈಸೂರಿನ ಹಳಿಗಳು ಇಲ್ಲಿ ಸಂಧಿಸುವುದರಿಂದ ಊರಿಗೆ ಊರೇ ರೈಲಿನ ವೇಳೆಗೆ ಏಳುತ್ತಿತ್ತು, ಮಲಗುತ್ತಿತ್ತು. ತೊಂಬತ್ತರ ದಶಕದಲ್ಲಿ ಬ್ರಾಡ್‌ಗೇಜ್ ಬಂತು, ಕಲ್ಲಿದ್ದಲ ಹೊಗೆ ಹೋಯಿತು. ದೊಡ್ಡಪ್ಪನ ಮುಂಗೈ ಮೇಲೆ ಕೆಂಡ ಸಿಡಿದ ಸಣ್ಣ ಸಣ್ಣ ಕಲೆಗಳು ಮಾತ್ರ ಇನ್ನೂ ಇವೆ.

ರಾತ್ರಿ ಶೆಡ್ಡಿಗೆ ಬಂದ ಇಂಜಿನ್ನಿನ ಬೆಂಕಿಯನ್ನು ಆರಿಸುತ್ತಿರಲಿಲ್ಲವಂತೆ. ಒಲೆಯೊಳಗೆ ಹರಡಿದ್ದ ಕೆಂಡವನ್ನು ಉದ್ದನೆಯ ಸಲಾಕೆಯಿಂದ ಬಾಗಿಲ ಕಡೆಗೆ ಎಳೆದು ಗುಡ್ಡೆ ಮಾಡುವುದು, ಅದರ ಮೇಲೆ ಒದ್ದೆ ಕಲ್ಲಿದ್ದಲ ಪುಡಿ ಹೊದಿಸುವುದು, ಗಾಳಿ ಬರುವ ಡ್ಯಾಂಪರ್ ಮುಚ್ಚುವುದು. ಬೆಳಗಿನ ಜಾವ ಗುಡ್ಡೆ ಕೆದಕಿ ಗಾಳಿ ಬಿಟ್ಟರೆ ಸಾಕು, ಸ್ವಲ್ಪ ಹೊತ್ತಿಗೆಲ್ಲ ಬಂಡಿ ಹೊರಡಲು ಸಿದ್ಧ.

"ಪೂರ್ತಿ ತಣ್ಣಗ್ ಮಾಡ್ಬಿಟ್ರೆ ಸ್ಟೀಮ್ ಏಳ್ಸೋಕೆ ಆರೇಳು ಗಂಟೆ ಬೇಕು ಕಣಪ್ಪ. ಅವಸ್ರ ಮಾಡಿ ಬೆಂಕಿ ಕೊಟ್ಯೋ, ಟ್ಯೂಬು ಸೋರ್ತವೆ. ಕಬ್ಣ ಹಿಗ್ಗೋದು ಕುಗ್ಗೋದು ಅಂದ್ರೆ ಹುಡ್ಗಾಟ್ಕೆ ಅಂದ್ಕೊಂಡ್ಯಾ? ನಿನ್ ಮಿಷಿನ್ನೂ ಹಂಗೇಯ. ದಿನಾ ಆರ್ಸಿ ದಿನಾ ಹಚ್ಚಬೇಡ."

ಕಂಪ್ಯೂಟರ್ ಬಲ್ಲವರಲ್ಲೂ ಇದೇ ಮಾತನ್ನು ಆಡುವ ಒಂದು ಪಂಗಡ ಇದೆ ಎಂಬುದು ದೊಡ್ಡಪ್ಪನಿಗೆ ಗೊತ್ತಿಲ್ಲ. ಕಾಯುವುದು, ಆರುವುದು ಎಂದು ದಿನಾ ನಡೆದರೆ ಬೆಸುಗೆಗಳು ಬಿರುಕು ಬಿಡುತ್ತವೆ, ಹಾರ್ಡ್‌ಡಿಸ್ಕು ತಿರುಗಿ ನಿಂತು ತಿರುಗಿ ನಿಂತು ಸವೆಯುತ್ತದೆ, ಆದ್ದರಿಂದ ಆರಿಸಲೇಬಾರದು ಎನ್ನುತ್ತಾರೆ ಅವರು. ಬಾಯ್ಲರಿಗೆ ಈ ನ್ಯಾಯ ಸರಿ. ಡೆಸ್ಕ್‌ಟಾಪಿಗೆ ಅಷ್ಟಾಗಿ ಸಲ್ಲುವುದಿಲ್ಲ. ಸಾಮಾನ್ಯ ಡೆಸ್ಕ್‌ಟಾಪ್ ಹಾರ್ಡ್‌ಡಿಸ್ಕು 50,000 ಸಲ ನಿಂತು ಹೊರಡುವ ಲೆಕ್ಕದಲ್ಲಿ ತಯಾರಾಗಿರುತ್ತದೆ. ದಿನಕ್ಕೊಂದು ಸಲದಂತೆ ಹತ್ತು ವರ್ಷ ಆರಿಸಿದರೂ 3,650 ದಾಟುವುದಿಲ್ಲ. ಎಸ್‌ಎಸ್‌ಡಿಯಲ್ಲಂತೂ ತಿರುಗುವ ಚಕ್ರವೇ ಇಲ್ಲ. ಇನ್ನು ಕೆಲವರು ಹೈಬರ್ನೇಟ್ ಮಾಡಿದರೆ ಬರೆದು ಬರೆದು ಎಸ್‌ಎಸ್‌ಡಿ ಸವೆದೀತು ಎಂದು ಹೆದರುತ್ತಾರೆ. ರಾತ್ರಿಗೆ ಮೂರು ಜಿಬಿ ಬರೆಯಿತೆಂದೇ ಇಟ್ಟುಕೊಳ್ಳಿ, ವರ್ಷಕ್ಕೆ ಒಂದು ಟಿಬಿಗಿಂತ ಚೂರು ಹೆಚ್ಚು. 500 ಜಿಬಿಯ ಎಸ್‌ಎಸ್‌ಡಿಗೆ 300 ಟಿಬಿವರೆಗೂ ಖಾತರಿ ಕೊಡುವವರಿದ್ದಾರೆ. ಅಷ್ಟು ವರ್ಷ ಆ ಡಿಸ್ಕೂ ಇರುವುದಿಲ್ಲ, ನಾನೂ ಇರುವುದಿಲ್ಲ.

ಈ ವಾದವಿವಾದಗಳನ್ನೆಲ್ಲ ಓದುವಾಗ ನನಗೆ ಅನಿಸುವುದು ಒಂದೇ. ಸಲಹೆ ಕೊಡುವವರು ಬಹುಪಾಲು ಕರೆಂಟು ಹೋಗದ ಊರಿನವರು. ಅವರಿಗೆ ಇದು ಯಂತ್ರದ ಪ್ರಶ್ನೆ. ನಮಗೆ ಲೈನಿನ ಪ್ರಶ್ನೆ.

ನಮ್ಮ ಮನೆ ಅರಸೀಕೆರೆಯ ಹೊರಗೆ, ತೆಂಗಿನ ತೋಟದ ಅಂಚಿನಲ್ಲಿದೆ. ಪಂಪ್‌ಸೆಟ್ಟುಗಳಿಗೆ ದಿನಕ್ಕೆ ಏಳು ಗಂಟೆ ತ್ರೀಫೇಸ್ ಕೊಡುವುದು ರಾಜ್ಯದಲ್ಲಿ ನಡೆದುಬಂದ ಪದ್ಧತಿ. ಪಾಳಿಯ ಮೇಲೆ ಅದರಲ್ಲೊಂದು ಪಾಲು ರಾತ್ರಿಗೂ ಬೀಳುತ್ತದೆ. ತ್ರೀಫೇಸ್ ಬಂತೆಂದರೆ ಸುತ್ತಲ ತೋಟಗಳ ಬೋರ್‌ವೆಲ್ಲುಗಳ ಆಟೋಸ್ಟಾರ್ಟರುಗಳು ಒಟ್ಟೊಟ್ಟಿಗೇ ಟಕಟಕ ಎನ್ನುತ್ತವೆ. ಒಂದೊಂದು ಮೋಟರೂ ಹೊರಡುವಾಗ ಓಡುವಾಗಿನ ಐದಾರು ಪಟ್ಟು ಕರೆಂಟು ಎಳೆಯುವಂಥದ್ದು. ನಡುಮನೆಯ ಬಲ್ಬು ಒಂದು ಗಳಿಗೆ ಕಣ್ಣು ಪಿಳುಕಿಸುತ್ತದೆ. ಆ ಗಳಿಗೆಯಲ್ಲೇ ಮೇಜಿನ ಕೆಳಗಿನ ಯುಪಿಎಸ್ ಕೀಂ, ಕೀಂ ಎಂದು ಶುರುಮಾಡುತ್ತದೆ.

ಯುಪಿಎಸ್ಸಿನ ಕೂಗನ್ನು ಅರ್ಧರಾತ್ರಿಯಲ್ಲಿ ಕೇಳಿದವರಿಗೆ ಅದನ್ನು ವರ್ಣಿಸಬೇಕಾಗಿಲ್ಲ. ಗಿಡುಗಗಾತ್ರದ ಹಕ್ಕಿಯೊಂದು ಮನೆಯೊಳಗೆ ಸಿಕ್ಕಿಕೊಂಡಿದೆಯೋ ಎನ್ನಬೇಕು. ಒಳಗಿರುವುದು 12 ವೋಲ್ಟಿನ ಒಂದು ಸಣ್ಣ ಸೀಸದ ಬ್ಯಾಟರಿ; ಎರಡು ಮೂರು ವರ್ಷಕ್ಕೆ ಅದರ ಜೀವ ಹೋಗುತ್ತದೆ, ಕೂಗು ಮಾತ್ರ ಕೊನೆಯವರೆಗೂ ಗಟ್ಟಿ. ಹೆಂಡತಿ ಎದ್ದು ಹೋಗಿ, ಕತ್ತಲಲ್ಲೇ ತಡಕಿ, ಅದರ ಗುಂಡಿಯನ್ನು ಒತ್ತಿ ಹಿಡಿದು ಬಾಯಿ ಮುಚ್ಚಿಸುತ್ತಾಳೆ. ಅದರ ಜೊತೆಗೇ ರ್‍ಯಾಮ್‌ಗೆ ಹೋಗುತ್ತಿದ್ದ ಗುಟುಕು ಕರೆಂಟೂ ನಿಂತು, ನಾನು ತೆರೆದಿಟ್ಟಿದ್ದ ಹತ್ತನೇ ತರಗತಿಯ ಪ್ರಶ್ನೆಪತ್ರಿಕೆ, ಮೂರು ಅಂಕಪಟ್ಟಿ, ನಾಳೆ ಓದೋಣವೆಂದು ಬಿಟ್ಟಿದ್ದ ಹತ್ತಾರು ಪುಟಗಳು ನಿದ್ದೆಯಲ್ಲೇ ಕಣ್ಮುಚ್ಚುತ್ತವೆ. ಸ್ಲೀಪ್‌ನ ಗುಟ್ಟೇ ಇದು: ಅದರ ನೆನಪು ಕರೆಂಟಿನ ಋಣದಲ್ಲಿದೆ. ಡೆಸ್ಕ್‌ಟಾಪಿನಲ್ಲಿ ಹೈಬ್ರಿಡ್ ಸ್ಲೀಪ್ ಎಂಬ ಒಂದು ಉಪಾಯ ಇದೆ, ಮಲಗುವ ಮುಂಚೆ ಡಿಸ್ಕಿಗೂ ಒಂದು ಪ್ರತಿ ಬರೆದಿಡುತ್ತದೆ. ಕರೆಂಟು ಹೋದರೂ ಕೆಲಸ ಉಳಿಯುತ್ತದೆ. ಯುಪಿಎಸ್ಸಿನ ಕೂಗಿಗೆ ಮಾತ್ರ ಅದರಲ್ಲೂ ಮದ್ದಿಲ್ಲ.

ಏಪ್ರಿಲ್, ಮೇ ತಿಂಗಳಿನದು ಬೇರೆ ಕಥೆ. ಮುಂಗಾರಿಗೆ ಮುಂಚಿನ ಗುಡುಗು ಮಳೆ ನಮ್ಮ ಕಡೆ ಸಂಜೆ ಹೊತ್ತಿಗೆ ಕಟ್ಟಿಕೊಂಡು ಬರುತ್ತದೆ. ಸುಳಿ ಸುಟ್ಟು ನಿಂತ ತೆಂಗಿನ ಮರ ಪ್ರತಿ ವರ್ಷವೂ ಒಂದಾದರೂ ಕಣ್ಣಿಗೆ ಬೀಳುತ್ತದೆ. ಸಿಡಿಲಿಗೆ ಎಸ್3, ಎಸ್4, ಎಸ್5 ಎಂಬ ಭೇದ ಇಲ್ಲ. ಆರಿಸಿದ ಕಂಪ್ಯೂಟರಿನ ಪ್ಲಗ್ಗು ಗೋಡೆಯಲ್ಲಿದ್ದರೆ ಅದಕ್ಕೂ ಏಟು ಬೀಳಬಹುದು. ಗೋಡೆಯ ಸ್ವಿಚ್ಚು ಆರಿಸಿದರೂ ಸಾಲದು, ಆ ಎರಡು ಮಿಲಿಮೀಟರಿನ ಸಂದು ಆಕಾಶದಿಂದ ಇಳಿದು ಬಂದದ್ದಕ್ಕೆ ಯಾವ ಲೆಕ್ಕ? ಕೀಳಲೇಬೇಕು. ತಾಮ್ರದ ತಂತಿಯ ಟೆಲಿಫೋನ್ ಇದ್ದ ಕಾಲದಲ್ಲಿ ಆ ದಾರಿಯಿಂದಲೂ ಬಂದು ಮೋಡೆಮ್ಮನ್ನು ಸುಡುತ್ತಿತ್ತು. ಈಗಿನ ಫೈಬರ್ ಗಾಜಿನ ಎಳೆ, ಅದರಲ್ಲಿ ಸಿಡಿಲು ಹರಿಯುವುದಿಲ್ಲ. ಆದರೆ ವೈಫೈ ಡಬ್ಬಿಯ ಅಡಾಪ್ಟರ್ ಮೂಲಕ ಬರುವುದನ್ನು ತಡೆಯುವವರಿಲ್ಲ. ಈ ಎರಡು ತಿಂಗಳು ನಮ್ಮ ಮನೆಯಲ್ಲಿ ಜಗಳವೇ ಇಲ್ಲ. ಜಿ3, ಸರ್ವಾನುಮತ.

ಕರೆಂಟಿನ ಖರ್ಚಿನ ಮಾತು ಬಂದರೆ ಹೆಂಡತಿಯ ದನಿ ಇನ್ನೊಂದು ಶ್ರುತಿ ಏರುತ್ತದೆ. 2023ರ ಜುಲೈ ಬಳಕೆಯಿಂದ ಗೃಹಜ್ಯೋತಿ ಬಂದ ಮೇಲೆ ರಾಜ್ಯದ ಗೃಹಿಣಿಯರಿಗೆಲ್ಲ ಒಂದೊಂದು ಸಂಖ್ಯೆ ಬಾಯಿಪಾಠವಾಗಿದೆ. 200 ಯೂನಿಟ್ಟಿನವರೆಗೆ ಉಚಿತ ಎಂದರೂ, ಅವರವರ ಮನೆಯ 2022-23ರ ಸರಾಸರಿ, ಅದರ ಮೇಲೆ ಒಂದಿಷ್ಟು ಹೆಚ್ಚುವರಿ, ಇಷ್ಟೇ ಅವರವರ ಪಾಲು. ಅದನ್ನು ಮೀರಿದ ಯೂನಿಟ್ಟಿಗೆ ದುಡ್ಡು ಕಟ್ಟಬೇಕು. ಸೊನ್ನೆ ಬಿಲ್ಲು ಬಂದ ತಿಂಗಳು ಅವಳಿಗೆ ಪರೀಕ್ಷೆಯಲ್ಲಿ ಪಾಸಾದ ಖುಷಿ. ಆದ್ದರಿಂದ ಲೆಕ್ಕ ಹಾಕಿ ತೋರಿಸಿದೆ. ರಾತ್ರಿ ಹತ್ತು ಗಂಟೆ ಕಾಲ ಕಂಪ್ಯೂಟರನ್ನು ಸುಮ್ಮನೆ ಉರಿಯಲು ಬಿಟ್ಟರೆ, 60 ವಾಟ್ ಎಂದು ಹಿಡಿದರೂ, ತಿಂಗಳಿಗೆ 18 ಯೂನಿಟ್. ಯೂನಿಟ್ಟಿಗೆ ಆರು ರೂಪಾಯಿಯ ಆಸುಪಾಸು ಎಂದರೆ ನೂರು ರೂಪಾಯಿಗೆ ಮೇಲಾಯಿತು. ಸ್ಲೀಪ್‌ನಲ್ಲಿ ಎರಡು ವಾಟಿನ ಲೆಕ್ಕದಲ್ಲಿ ತಿಂಗಳಿಗೆ ಮುಕ್ಕಾಲು ಯೂನಿಟ್ಟೂ ಇಲ್ಲ. ಸ್ಲೀಪಿಗೂ ಶಟ್‌ಡೌನಿಗೂ ಇರುವ ವ್ಯತ್ಯಾಸ ತಿಂಗಳಿಗೆ ನಾಲ್ಕು ರೂಪಾಯಿ ಆಗುವುದಿಲ್ಲ.

"ನಾಲ್ಕು ರೂಪಾಯಿ ಅಂದ್ರೆ ನಿಮ್ಗೆ ದುಡ್ಡಲ್ವಾ?" ಎಂದಳು. ಮೇಷ್ಟ್ರ ಲೆಕ್ಕ ಸೋಲುವುದು ಇಲ್ಲಿ.

ಬೇಲೂರಿನಲ್ಲಿ ನನ್ನ ತಂಗಿಯ ಮನೆ. ಅರಸೀಕೆರೆಯಿಂದ ಹೊರಟು ಹಳೇಬೀಡು ದಾಟಿ ಆ ಕಡೆಗೆ ಹೋಗುತ್ತಿದ್ದರೆ ತೆಂಗು ರಾಗಿ ಹಿಂದೆ ಬಿದ್ದು ನೆರಳು ದಟ್ಟವಾಗುತ್ತ, ಗಾಳಿಯೇ ಒದ್ದೆಯಾಗುತ್ತ ಹೋಗುತ್ತದೆ. ಅಲ್ಲಿ ಕಂಪ್ಯೂಟರಿಗೆ ಶತ್ರು ಧೂಳಲ್ಲ, ಥಂಡಿ. ಜೂನ್, ಜುಲೈಯಲ್ಲಿ ಮರ ಬಿದ್ದು ಲೈನು ತುಂಡಾದರೆ ಎರಡು ಮೂರು ದಿನ ಕರೆಂಟಿನ ಸುದ್ದಿಯೇ ಇಲ್ಲ. ಯುಪಿಎಸ್ಸು ಕೂಗಿ ಕೂಗಿ ತಾನೇ ಸುಮ್ಮನಾಗುತ್ತದೆ. ಕೀಬೋರ್ಡಿನ ಮೇಲೆ ಬೂಷ್ಟು ಬರುವುದನ್ನು ನಾನು ಕಂಡಿದ್ದು ಅವರ ಮನೆಯಲ್ಲೇ. ಅಲ್ಲಿನ ಭಾವನವರ ಪ್ರಕಾರ ಕಂಪ್ಯೂಟರು ರಾತ್ರಿ ಮಲಗಲಿ ಬಿಡಲಿ, ಹಗಲು ಒಂದು ಹೊತ್ತಾದರೂ ಉರಿಯಬೇಕು, ಒಳಗಿನ ಪಸೆ ಆರಬೇಕು. ಈ ಮಾತು ನನಗೆ ಒಪ್ಪಿಗೆ. ಮಳೆಗಾಲ ಪೂರ್ತಿ ಪ್ಲಾಸ್ಟಿಕ್ ಹೊದಿಸಿ ಮುಚ್ಚಿಟ್ಟವರ ಯಂತ್ರಗಳೇ ದೀಪಾವಳಿಗೆ ಕೈಕೊಡುವುದು.

ಅವರ ಮನೆಯ ಕಂಪ್ಯೂಟರಿಗೆ ಒಂದು ಕಾಲದಲ್ಲಿ ವಿಚಿತ್ರ ಅಭ್ಯಾಸ ಇತ್ತು. ಸ್ಲೀಪಿಗೆ ಹಾಕಿ ಮಲಗಿದರೆ ರಾತ್ರಿ ಎರಡು ಗಂಟೆಗೆ ಸರಿಯಾಗಿ ತಾನೇ ಏಳುವುದು. ಫ್ಯಾನು ಗುಂಯ್ ಎನ್ನುವುದು, ಪರದೆಯ ನೀಲಿ ಬೆಳಕು ಬಾಗಿಲ ಸಂದಿನಿಂದ ಪಡಸಾಲೆಗೆ ಬೀಳುವುದು. ಪಡಸಾಲೆಯಲ್ಲಿ ಮಲಗುತ್ತಿದ್ದ ತಂಗಿಯ ಅತ್ತೆ ಮೊದಲ ದಿನ ಕೂಗಿಕೊಂಡರಂತೆ. ವಿಂಡೋಸಿನ ಸ್ವಯಂಚಾಲಿತ ನಿರ್ವಹಣೆಗೆ ನಿಗದಿಯಾದ ವೇಳೆಯೇ ರಾತ್ರಿ ಎರಡು. ಅನುಮತಿ ಇದ್ದರೆ ಮಲಗಿದ ಯಂತ್ರವನ್ನು ಎಬ್ಬಿಸಿ ಕೆಲಸ ಮುಗಿಸಿಕೊಳ್ಳುತ್ತದೆ. ಅದನ್ನು ನಾನು ವಿವರಿಸಿದೆ. ಅತ್ತೆ ಪೂರ್ತಿ ಕೇಳಿಸಿಕೊಂಡು, "ಅದರಲ್ಲೇನು ಆಶ್ಚರ್ಯ? ನಮ್ಮೂರ ಸ್ವಾಮಿಯೂ ಹಾಗೇ ಅಲ್ವಾ!" ಎಂದುಬಿಟ್ಟರು. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ, ರಾತ್ರಿ ಬಾಗಿಲು ಹಾಕಿದ ಮೇಲೆ ಬಾಬಾಬುಡನ್‌ಗಿರಿಯಲ್ಲಿರುವ ತನ್ನ ದೇವಿಯನ್ನು ನೋಡಲು ನಡೆದುಹೋಗುತ್ತಾನೆ, ಅದಕ್ಕೇ ಅವನ ಚಪ್ಪಲಿ ಸವೆಯುತ್ತದೆ, ಹೊಸ ಜೋಡು ಮಾಡಿಸಿ ಒಪ್ಪಿಸಬೇಕು ಎಂಬುದು ಆ ಊರಿನ ಹಳೆಯ ನಂಬಿಕೆ. ನಾನು ಪವರ್ ಆಪ್ಷನ್ಸ್ ಒಳಗೆ ಹೋಗಿ ವೇಕ್ ಟೈಮರ್ ಬಂದ್ ಮಾಡಿದೆ, ಮೌಸ್ ಅಲುಗಿದರೆ ಏಳುವುದನ್ನೂ ತೆಗೆದೆ. ಮೌಸಿನ ಮೇಲೆ ಹಲ್ಲಿ ಓಡಾಡಿದರೂ ಏಳುವ ಯಂತ್ರ ಅದು. ಅತ್ತೆ ಮುಖ ಸಪ್ಪಗೆ ಮಾಡಿಕೊಂಡು, "ಪಾಪ, ಕಟ್ಟಿಹಾಕಿದ್ರಿ" ಎಂದರು.

ಹಳೇಬೀಡಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಂಗಡಿ ಇಟ್ಟಿದ್ದಾನೆ: ಜೆರಾಕ್ಸು, ಪಹಣಿ, ಪಾಸ್‌ಪೋರ್ಟ್ ಸೈಜ್ ಫೋಟೊ, ಆನ್‌ಲೈನ್ ಅರ್ಜಿ. ಅವನ ಕಂಪ್ಯೂಟರು ಆರುವುದೇ ಇಲ್ಲ, ಮಲಗುವುದೂ ಇಲ್ಲ. ಅರ್ಜಿಗಳ ಸುಗ್ಗಿಯಲ್ಲಿ ಹಗಲೆಲ್ಲ ಸೈಟು ತೆರೆಯದೆ, ಜನ ಮಲಗಿದ ಮೇಲೆ ಕೂತು ತುಂಬುತ್ತಿದ್ದ ಕಾಲದಿಂದ ಬಂದ ರೂಢಿ. ಅಂಗಡಿಯ ಮೀಟರಿಗೆ ಗೃಹಜ್ಯೋತಿ ಇಲ್ಲ, ಒಂದೊಂದು ಯೂನಿಟ್ಟೂ ಅವನದೇ ಗಂಟು. ಪರದೆಯ ಮೇಲೆ ಎಷ್ಟು ಟ್ಯಾಬು ತೆರೆದಿತ್ತೆಂದರೆ ಒಂದರ ಹೆಸರೂ ಓದಲು ಬರುತ್ತಿರಲಿಲ್ಲ. ಇವನ್ನೆಲ್ಲ ಮುಚ್ಚಬಾರದೇನೋ ಎಂದೆ.

"ಸಾರ್, ಎದುರಿಗೆ ನೋಡಿ. 1121ರಲ್ಲಿ ಶುರು ಮಾಡಿದ ದೇವಸ್ಥಾನ. ಇನ್ನೂ ಮುಗ್ಸಿಲ್ಲ, ಗೋಪುರಾನೇ ಇಲ್ಲ. ಯಾರೂ ಸೇವ್ ಕೂಡ ಮಾಡ್ದೆ ಎದ್ದೋಗಿದಾರೆ. ಆದ್ರೂ ಯುನೆಸ್ಕೋದವ್ರು ಬಂದು ಪಟ್ಟಿಗೆ ಹಾಕ್ಕೊಂಡ್ರಲ್ಲ!"

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ವಿಶ್ವಪರಂಪರೆಯ ಪಟ್ಟಿ ಸೇರಿದ್ದು ನಿಜ. ಪ್ರೌಢಶಾಲೆಯಲ್ಲಿ ನನ್ನ ಪಾಠಕ್ಕೆ ಹುಡುಗ ಹೀಗೆ ಉತ್ತರ ಕೊಟ್ಟಿದ್ದು ನೆನಪಿಲ್ಲ. ಆದರೆ ರಾತ್ರಿ ಕಂಪ್ಯೂಟರು ಆರಿಸಲು ನಮಗಿರುವ ಹಿಂಜರಿಕೆಯ ನಿಜವಾದ ಕಾರಣ ಅವನ ಮಾತಿನಲ್ಲಿತ್ತು. ಕರೆಂಟಲ್ಲ, ಬೆಸುಗೆಯಲ್ಲ. ಶಟ್‌ಡೌನ್ ಎಂದ ಕೂಡಲೇ ಯಂತ್ರ ಒಂದೊಂದನ್ನೂ ಮುಂದೆ ಹಿಡಿದು, ಇದನ್ನು ಉಳಿಸಲೋ ಬೇಡವೋ ಎಂದು ಕೇಳುತ್ತದೆ. ರಾತ್ರಿ ಹನ್ನೊಂದಕ್ಕೆ ತೀರ್ಮಾನ ಮಾಡುವ ತ್ರಾಣ ಯಾರಿಗಿದೆ? ಮಲಗಿಸಿಬಿಟ್ಟರೆ ಈ ತಕರಾರೇ ಇಲ್ಲ.

ಇಷ್ಟರ ನಡುವೆ ಒಂದು ಸಂಗತಿ ಬಯಲಿಗೆ ಬಂತು. ರಜೆಗೆ ಬಂದ ಮಗಳು ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ಪುಟದಲ್ಲಿ ಅಪ್‌ಟೈಮ್ ಎಂಬ ಕಡೆ ಬೆರಳು ತೋರಿಸಿದಳು. ಯಂತ್ರ ತಿಂಗಳಿಗೂ ಮೇಲ್ಪಟ್ಟು ಸತತ ಎಚ್ಚರವಾಗಿದೆ ಎಂದು ಅದು ಹೇಳುತ್ತಿತ್ತು. ಆ ತಿಂಗಳಲ್ಲಿ ಬಹಳ ರಾತ್ರಿ ಅದನ್ನು ಶಟ್‌ಡೌನ್ ಮಾಡಿದ್ದು ಸಾಕ್ಷಾತ್ ನನ್ನ ಹೆಂಡತಿ. 2012ರಲ್ಲಿ ಬಂದ ವಿಂಡೋಸ್ 8ರಿಂದ ಈಚೆಗೆ ಫಾಸ್ಟ್ ಸ್ಟಾರ್ಟಪ್ ಎಂಬುದೊಂದು ಸೇರಿಕೊಂಡಿದೆ. ಶಟ್‌ಡೌನ್ ಕೊಟ್ಟರೆ ನಮ್ಮ ಕಡತಗಳನ್ನೇನೋ ಮುಚ್ಚುತ್ತದೆ. ತನ್ನ ಒಳತಿರುಳನ್ನು ಮಾತ್ರ ಹೈಬರ್ನೇಟ್ ಮಾಡಿ ಡಿಸ್ಕಿನಲ್ಲಿಟ್ಟು, ಬೆಳಿಗ್ಗೆ ಅದನ್ನೇ ಎತ್ತಿಕೊಂಡು ಬೇಗ ಎದ್ದೆನೆಂದು ಬೀಗುತ್ತದೆ. ಹೊಸದಾಗಿ ಶುರುವಾಗಬೇಕೆಂದರೆ ರೀಸ್ಟಾರ್ಟ್ ಕೊಡಬೇಕು, ಇಲ್ಲವೇ ಶಿಫ್ಟ್ ಕೀಲಿ ಒತ್ತಿ ಹಿಡಿದು ಶಟ್‌ಡೌನ್ ಒತ್ತಬೇಕು. "ಅಂದ್ರೆ ನಾನು ಆಫ್ ಮಾಡಿದ್ದೂ ಆಫ್ ಅಲ್ವಾ?" ಎಂದವಳ ಮುಖ ನೋಡಿ ನನಗೇ ಅಯ್ಯೋ ಅನಿಸಿತು.

ದೊಡ್ಡಪ್ಪನಿಗೆ ಹೇಳಿದರೆ ಅವರು ಒಂಚೂರೂ ಬೆರಗಾಗಲಿಲ್ಲ. "ವಾಷ್‌ಔಟ್ ಮಾಡ್ತಿಲ್ಲ ನೀವು," ಎಂದರು. ಇಂಜಿನ್ನಿನ ಬೆಂಕಿಯನ್ನು ರಾತ್ರಿ ರಾತ್ರಿ ಮುಚ್ಚಿಟ್ಟರೂ, ಇಷ್ಟು ದಿನಕ್ಕೊಮ್ಮೆ ಅಂತ ಅದನ್ನು ಪೂರ್ತಿ ಆರಿಸಿ, ಬಾಯ್ಲರ್ ತಣ್ಣಗಾಗಲು ಬಿಟ್ಟು, ಒಳಗೆ ಕಟ್ಟಿದ ಸುಣ್ಣದ ಹೆಕ್ಕಳವನ್ನೆಲ್ಲ ನೀರು ಚಿಮ್ಮಿಸಿ ತೊಳೆಯುತ್ತಿದ್ದರಂತೆ. ಬಯಲುಸೀಮೆಯ ಗಡಸು ನೀರು, ಬಿಟ್ಟರೆ ಟ್ಯೂಬಿನ ಸುತ್ತ ಕಲ್ಲಾಗಿ ಕೂರುತ್ತದೆ. "ಮಲ್ಗಿಸು, ಬ್ಯಾಡ ಅನ್ನಲ್ಲ. ವಾರಕ್ಕೊಂದ್ಸಲ ತೊಳಿ." ಯಾವ ಇಂಜಿನಿಯರೂ ನನಗೆ ಇಷ್ಟು ಚೊಕ್ಕವಾಗಿ ಹೇಳಿರಲಿಲ್ಲ. ದಿನಗಟ್ಟಲೆ ಬರೀ ಮಲಗಿ ಎದ್ದ ಯಂತ್ರ ಮಂಕಾಗುವುದೂ, ಅಪ್‌ಡೇಟುಗಳು ರೀಸ್ಟಾರ್ಟಿಗಾಗಿ ಬಾಗಿಲಲ್ಲಿ ಕಾದು ನಿಲ್ಲುವುದೂ ಇದೇ ಕಾರಣಕ್ಕೆ.

ಈಗ ಒಂದು ಒಪ್ಪಂದ ಆಗಿದೆ. ಹೈಬರ್ನೇಟ್ ಎಂಬುದನ್ನು ವಿಂಡೋಸು ಯಾಕೋ ಮೆನುವಿನಲ್ಲಿ ತೋರಿಸದೆ ಬಚ್ಚಿಟ್ಟಿರುತ್ತದೆ. ಕಂಟ್ರೋಲ್ ಪ್ಯಾನೆಲ್ಲಿನ ಪವರ್ ಆಪ್ಷನ್ಸ್ ಒಳಗೆ ಹುಡುಕಿ ಟಿಕ್ ಹಾಕಿ ಹೊರಗೆ ತಂದೆ. ಕಂಪ್ಯೂಟರಿರುವುದು ಅಟ್ಟದ ಕೆಳಗೆ. ಮೇಲೆ ಉಂಡೆ ಕೊಬ್ಬರಿಗೆ ಬಿಟ್ಟ ಕಾಯಿ ವರ್ಷದ ಹತ್ತು ಹನ್ನೆರಡು ತಿಂಗಳು ಒಣಗುತ್ತಿರುತ್ತದೆ, ಇಲಿ ಓಡಾಡಿದಾಗೆಲ್ಲ ನಾರಿನ ಧೂಳು ಉದುರುತ್ತದೆ. ಫ್ಯಾನು ನಿಂತಿದ್ದರೆ ಆ ಧೂಳು ಒಳಕ್ಕೆ ಹೋಗುವುದೂ ಕಡಿಮೆ. ಹೈಬರ್ನೇಟ್ ಆಗಿ ದೀಪ ಆರಿದ ಮೇಲೆ ಹೆಂಡತಿ ಬಂದು ಯುಪಿಎಸ್ಸಿನ ಗುಂಡಿ ಆರಿಸಿ, ಗೋಡೆಯ ಸ್ವಿಚ್ ಆರಿಸಿ, ಪ್ಲಗ್ಗನ್ನೂ ಕೀಳುತ್ತಾಳೆ. ನನ್ನ ಪ್ರಶ್ನೆಪತ್ರಿಕೆ ಅಲ್ಲೇ ಇರುತ್ತದೆ. ಯುಪಿಎಸ್ಸು ಕೂಗುವುದಿಲ್ಲ. ತ್ರೀಫೇಸ್ ಬಂದರೆ ಬರಲಿ, ಹೋದರೆ ಹೋಗಲಿ. ಭಾನುವಾರ ವಾಷ್‌ಔಟ್.

ಇದರಿಂದ ಮನೆಯಲ್ಲಿ ಶಾಂತಿ ನೆಲೆಸಿತೆಂದು ತಿಳಿಯಬೇಡಿ. ಲೆಕ್ಕ ಹಾಕುವುದನ್ನು ನಾನೇ ಕಲಿಸಿದ್ದೆನಲ್ಲ, ಹೆಂಡತಿಯ ಕಣ್ಣು ಈಗ ವೈಫೈ ಡಬ್ಬಿಯ ಮೇಲೆ ಬಿದ್ದಿದೆ. ಹತ್ತು ವಾಟಿನದು, ಹಗಲೂ ರಾತ್ರಿ ಉರಿಯುತ್ತದೆ, ತಿಂಗಳಿಗೆ ಏಳು ಯೂನಿ­ಟ್. ಕಂಪ್ಯೂಟರಿನ ನಿದ್ದೆಗಿಂತ ಹತ್ತು ಪಟ್ಟು. ರಾತ್ರಿ ಅದನ್ನೂ ಆರಿಸಬೇಕೆಂದು ಅವಳು, ಕೂಡದೆಂದು ದೊಡ್ಡಪ್ಪ. ಬೆಳಗಿನ ಜಾವ ನಾಲ್ಕಕ್ಕೆ ಎಚ್ಚರವಾಗುವ ಅವರು ಮೊಮ್ಮಗಳು ಕೊಟ್ಟ ಫೋನಿನಲ್ಲಿ, ಎಲ್ಲೆಲ್ಲಿಯದೋ ಉಗಿಬಂಡಿಗಳ ವಿಡಿಯೋ ನೋಡುತ್ತ ಕೂರುತ್ತಾರೆ, ಅಲ್ಲಿನ ಫೈರ್‌ಮನ್‌ಗಳಿಗೆ ಬೈಯುತ್ತ. ಹಾಗಾದರೆ ಅವರ ಫೋನಿಗೇ ನೆಟ್ ಪ್ಯಾಕ್ ಹಾಕಿಸಿದರೆ ಹೇಗೆ ಎಂದು ಮೊನ್ನೆ ಕೇಳಿದಳು. ಕಾಗದ ತೆಗೆದುಕೊಂಡು ಕೂತೆ. ಏಳು ಯೂನಿಟ್ಟಿಗೆ ನಲವತ್ತು ಚಿಲ್ಲರೆ ರೂಪಾಯಿ, ರೀಚಾರ್ಜಿಗೆ ಅದರ ಎಷ್ಟೋ ಪಟ್ಟು. ಡಬ್ಬಿ ಉರಿಯುತ್ತಿದೆ.